ಬೆಟ್ಟಯ್ಯ ಸ್ಪೀಕರ್ ಹರಿದ ದಿನ

ಬೆಳಗಿನ ಐದೂಕಾಲು. ಬೆಂಗಳೂರಿನ ಸುಂಕದಕಟ್ಟೆಯಲ್ಲಿ ಮಾಗಡಿ ರಸ್ತೆಗೆ ಇನ್ನೂ ಪೂರ್ತಿ ಎಚ್ಚರವಾಗಿಲ್ಲ. ಹಾಲಿನ ವ್ಯಾನು ಬಂದು ಹೋಗಿದೆ. ಬಸ್ಸುಗಳ ಸಾಲು ಶುರುವಾಗಲು ಅರ್ಧ ಗಂಟೆಯಾದರೂ ಬೇಕು. ಆ ಅರ್ಧ ಗಂಟೆಗಾಗಿಯೇ ಬೆಟ್ಟಯ್ಯ ನಾಲ್ಕೂವರೆಗೆ ಏಳುತ್ತಾರೆ. ಅಡ್ಡರಸ್ತೆಯ ಹತ್ತಡಿ ಅಗಲದ ಅಂಗಡಿಯಲ್ಲಿ ಗೋಣಿತಾಟಿನ ಮೇಲೆ ಕೂತು, ಹದಿನೈದು ಇಂಚಿನ ಸ್ಪೀಕರೊಂದನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಾರೆ. ಅದರ ಕಪ್ಪು ಕಾಗದದ ಕೋನನ್ನು ಎರಡೂ ಕೈಯಿಂದ ಮೆಲ್ಲಗೆ ಒಳಕ್ಕೆ ಒತ್ತುತ್ತಾರೆ, ಬಿಡುತ್ತಾರೆ, ಮತ್ತೆ ಒತ್ತುತ್ತಾರೆ. ಬಲಗೈಯ ಎರಡು ಬೆರಳು ಮೊದಲ ಗೆಣ್ಣಿಗೇ ಮುಗಿದಿವೆ. ಕಿವಿ ಕೋನಿನಿಂದ ಒಂದು ಗೇಣು ದೂರದಲ್ಲಿದೆ.

"ಒಳಗೆ ತಾಮ್ರದ ಕಾಯಿಲ್ ಐತಲ್ಲ ಸಾರ್, ಅದು ಅಯಸ್ಕಾಂತದ ಸಂದೀಲಿ ಎಲ್ಲೂ ತಾಗದಂಗೆ ಓಡಾಡ್ಬೇಕು. ತಾಗಿದ್ರೆ ಒಣಗಿದ ಎಲೆ ಮೇಲೆ ಇರುವೆ ನಡೆದಂಗೆ ಒಂದು ಸದ್ದು ಬರ್ತದೆ. ಬಸ್ ಶುರುವಾದ್ಮೇಲೆ ಇರುವೇನ ಎಲ್ಲಿ ಕೇಳೋದು?" ಎಂದು ಪಕ್ಕದಲ್ಲಿ ಕೂತ ನನಗೆ ಹೇಳುತ್ತಾರೆ. ಇನ್ನೊಮ್ಮೆ ಒತ್ತಿ, ತಲೆಯಾಡಿಸಿ, ಆ ಸ್ಪೀಕರನ್ನು ಗೋಡೆಗೆ ಒರಗಿಸಿ, ಮುಂದಿನದನ್ನು ತೊಡೆಗೆ ಎಳೆದುಕೊಳ್ಳುತ್ತಾರೆ.

ಹರಿದ, ಸುಟ್ಟ, ಮಳೆಗೆ ನೆಂದು ಮೆತ್ತಗಾದ ಸ್ಪೀಕರುಗಳಿಗೆ ಹೊಸ ಕೋನ್ ಕಟ್ಟುವುದು ಬೆಟ್ಟಯ್ಯನವರ ಕಸುಬು. ಹಳೆಯ ಕಾಗದ ಕಿತ್ತು, ಅಂಟು ಕೆರೆದು, ಕಾಯಿಲ್ ಕೂರಿಸಿ, ಹೊಸದನ್ನು ಅಂಟಿಸಿ, ಒಂದು ದಿನ ಪೂರ್ತಿ ಒಣಗಲು ಬಿಡಬೇಕು. ದಿನಕ್ಕೆ ನಾಲ್ಕು ಕೋನ್. ಗಣೇಶನ ಹಬ್ಬದ ಹಿಂದುಮುಂದು ಹತ್ತು ಹನ್ನೆರಡು. ಮೂವತ್ತನಾಲ್ಕು ವರ್ಷವಾಯಿತು. ದಿನಕ್ಕೆ ನಾಲ್ಕರಂತೆ ಹಿಡಿದರೂ ಮೂವತ್ತು ಸಾವಿರ ದಾಟುತ್ತದೆ ಎಂದಾಗ ಅವರು ನಕ್ಕು, "ಅಷ್ಟೊಂದಾ? ಯಾರೂ ನಂಬಲ್ಲ ಬಿಡಿ" ಎನ್ನುತ್ತಾರೆ. ಆದರೆ ಒಂದು ಲೆಕ್ಕ ಅವರಿಗೆ ಚೆನ್ನಾಗಿ ನೆನಪಿದೆ. ಕಟ್ಟಿಕೊಟ್ಟ ಸ್ಪೀಕರು ಗೊರಗೊರ ಅನ್ನುತ್ತದೆಂದು ವಾಪಸ್ ಬಂದದ್ದು ಇಷ್ಟು ವರ್ಷದಲ್ಲಿ ಎರಡೇ ಸಲ. ಎರಡೂ ಮೊದಲ ವರ್ಷದಲ್ಲಿ.

ಅಂಗಡಿಯ ಒಳಮೂಲೆಯಲ್ಲಿ ಹೆಂಡತಿ ಮುನಿತಾಯಮ್ಮ ಕೂದಲಿನಷ್ಟು ಸಣ್ಣ ತಂತಿಯಿಂದ ಕಾಯಿಲ್ ಸುತ್ತುತ್ತಾರೆ. ಸುತ್ತುವಾಗ ಮಾತನಾಡಿಸಿದರೆ ಉತ್ತರ ಬರುವುದಿಲ್ಲ. ತುಟಿ ಮಾತ್ರ ಎಣಿಸುತ್ತಿರುತ್ತದೆ. "ಇವಳ ಕೈ ಇಲ್ದಿದ್ರೆ ನನ್ನ ಸ್ಪೀಕರೆಲ್ಲ ಬರೀ ಊಟದ ತಟ್ಟೆ" ಎಂದು ಬೆಟ್ಟಯ್ಯ ಹೇಳಿದರೆ, ಸುತ್ತು ಮುಗಿದ ಮೇಲೆ ಅವರು ಕೊಡುವ ಜವಾಬು: "ಹೊರಗಿನೋರು ಬಂದಾಗ ಮಾತ್ರ ಈ ಮಾತು ಬಾಯಿಗೆ ಬರ್ತದೆ."

ಬೆಟ್ಟಯ್ಯ ಸೋಲೂರು ಕಡೆಯವರು. ಹತ್ತೊಂಬತ್ತನೇ ವಯಸ್ಸಿಗೆ ಪೀಣ್ಯಕ್ಕೆ ಬಂದು ತಗಡು ಕತ್ತರಿಸುವ ಪ್ರೆಸ್ ಶಾಪ್ ಸೇರಿದರು. ನಾಲ್ಕನೇ ವರ್ಷ ಪ್ರೆಸ್ ಬೆರಳ ಮೇಲೆ ಬಿತ್ತು. "ಬೆರಳು ಹೋಗಿದ್ದು ಹೋಯ್ತು. ಆಸ್ಪತ್ರೆಯಿಂದ ಬಂದ್ಮೇಲೂ ತಲೇಲಿ ಪ್ರೆಸ್ ಬೀಳೋದು ನಿಲ್ಲಲಿಲ್ಲ ಸಾರ್. ಧಡಕ್, ಆಮೇಲೆ ಗರ್‌ರ್ ಅಂತ ತಗಡು ನಡುಗೋದು. ಊಟಕ್ಕೆ ಕೂತ್ರೂ ಅದೇ, ಮಲಗಿದ್ರೂ ಅದೇ. ಸದ್ದನ್ನ ಸರಿಮಾಡೋ ಕೆಲಸ ಸಿಕ್ತು, ಹಿಡ್ಕೊಂಡೆ." ದೇವಸ್ಥಾನದ ಮೈಕು, ಮದುವೆಯ ವಾಲಗ, ಬಡಾವಣೆಯ ರಾಜ್ಯೋತ್ಸವ, ಎಲ್ಲದರ ದನಿಯೂ ಅವರ ಅಂಗಡಿಯನ್ನು ಹಾದು ಹೋಗಿದೆ. ಅವರು ಮಾತ್ರ ಯಾವ ಸಂಗೀತ ಮೇಳಕ್ಕೂ ಹೋದವರಲ್ಲ. ಹಬ್ಬದ ದಿನ ಅಂಗಡಿ ಬಿಟ್ಟು ಏಳುವುದು ಹೇಗೆ?

ಹೋದದ್ದು ಕಳೆದ ತಿಂಗಳು, ಮೊದಲ ಸಲ. ಅದೂ ತಾವು ಮಾಡಿದ ತಪ್ಪಿನ ಹಿಂದೆ.

ಲಗ್ಗೆರೆಯ ಭೈರೇಶ್ ಎಂಬ ಹುಡುಗ ಗುರುವಾರ ಗಿಟಾರಿನ ಆಂಪ್ಲಿಫೈಯರ್ ಡಬ್ಬವೊಂದನ್ನು ತಂದಿಟ್ಟ. ವಯರ್ ಸಿಕ್ಕಿಸುವ ಜಾಗ ಸಡಿಲವಾಗಿದೆ, ಅಷ್ಟೇ ನೋಡಿ ಎಂದ. ಬೆಟ್ಟಯ್ಯ ಡಬ್ಬ ಬಿಚ್ಚಿದರು. ಒಳಗಿನ ಸ್ಪೀಕರಿನ ಕೋನಿನಲ್ಲಿ ಮೂರು ಉದ್ದನೆಯ ಸೀಳು. ಪಾಪ, ಗೊತ್ತಿಲ್ಲದೆ ಹೀಗೇ ಬಾರಿಸುತ್ತಿದ್ದಾರೆ ಅಂದುಕೊಂಡರು. ಹಿಂದಿನಿಂದ ತೆಳ್ಳನೆಯ ಕಾಗದ ಕೊಟ್ಟು, ಅಂಟು ಬಳಿದು, ಮುಂದಿನಿಂದ ಗೆರೆಯೂ ಕಾಣದ ಹಾಗೆ ಮೂರನ್ನೂ ಮುಚ್ಚಿದರು. ಶುಕ್ರವಾರ ಸಂಜೆ ಭೈರೇಶ್ ಬಂದಾಗ ಈ ಕೆಲಸದ ಮಾತೇ ಎತ್ತಲಿಲ್ಲ. ಬಾರಿಸಿದಾಗ ತಾವಾಗಿ ತಿಳಿದು ಖುಷಿಪಡಲಿ ಎಂದು.

ಶನಿವಾರ ಮಧ್ಯಾಹ್ನ ಡಬ್ಬ ಆಟೋದಲ್ಲಿ ವಾಪಸ್ ಬಂತು. ಜೊತೆಗೆ ಭೈರೇಶ್, ಮತ್ತು ಬಸವೇಶ್ವರನಗರದ ರಾಗಿಣಿ. ರಾಗಿಣಿ ವಾರವೆಲ್ಲ ಬ್ಯಾಂಕಿನಲ್ಲಿ ಕೌಂಟರಿಗೆ ಕೂರುವ ಹುಡುಗಿ. ಭಾನುವಾರ 'ಮೂರನೇ ಪಾಳಿ' ಎಂಬ ಬ್ಯಾಂಡಿನಲ್ಲಿ ಗಿಟಾರ್ ಬಾರಿಸುತ್ತಾಳೆ. ಪ್ರೆಸ್ ಶಾಪೊಂದರಲ್ಲಿ ಕೆಲಸ ಮಾಡುವ ಭೈರೇಶ್ ಅದರಲ್ಲಿ ಡ್ರಮ್ಸ್ ಬಾರಿಸಿ ಹಾಡುತ್ತಾನೆ. ಸಿನಿಮಾಕ್ಕೆ ಹಾಡದ, ಟಿವಿಯಲ್ಲಿ ಕಾಣದ, ಶೆಡ್ಡುಗಳಲ್ಲಿ ತಮ್ಮ ಹಾಡು ತಾವೇ ಕಟ್ಟಿಕೊಂಡು ಬಾರಿಸುವ ಇಂಥ ತಂಡಗಳನ್ನು ಅಂಡರ್‌ಗ್ರೌಂಡ್ ಬ್ಯಾಂಡ್ ಅನ್ನುತ್ತಾರೆ. ಬೆಟ್ಟಯ್ಯನವರಿಗೆ ಇದೊಂದೂ ಗೊತ್ತಿರಲಿಲ್ಲ.

"ಅಂಕಲ್, ಕೋನ್ ಏನ್ ಮಾಡಿದ್ರಿ?" ರಾಗಿಣಿಯ ಮುಖ ಬಿಳಿಚಿಕೊಂಡಿತ್ತು.

"ಸರಿ ಮಾಡಿದ್ನಲ್ಲಮ್ಮ. ಮೂರು ಕಡೆ ಹರಿದುಹೋಗಿತ್ತು."

"ಹರಿದುಹೋಗಿರ್ಲಿಲ್ಲ ಅಂಕಲ್. ನಾನೇ ಬ್ಲೇಡ್ ಹಾಕಿ ಹರಿದಿದ್ದು."

ಒಳಮೂಲೆಯಲ್ಲಿ ಮುನಿತಾಯಮ್ಮನ ಕೈ ನಿಂತುಹೋಯಿತು. ಮೂವತ್ತೆಂಟನೇ ಸುತ್ತು, ಎಣಿಕೆ ತಪ್ಪಿತು. ಆ ಕಾಯಿಲನ್ನು ಬಿಚ್ಚಿ ಮೊದಲಿಂದ ಸುತ್ತಬೇಕಾಯಿತು ಎಂದು ಅವರು ಈಗಲೂ ದೂರುತ್ತಾರೆ. ಬೆಟ್ಟಯ್ಯ ಆ ಗಳಿಗೆಯನ್ನು ಹೀಗೆ ಹೇಳುತ್ತಾರೆ: "ದನದ ಕಾಲು ಮುರಿದೈತೆ ಅಂತ ಪಟ್ಟಿ ಕಟ್ಟಿದ್ರೆ, ನಾವೇ ಮುರಿದಿದ್ದು, ಬಿಚ್ಚಿ ಅಂದಂಗಾಯ್ತು ಸಾರ್."

ರಾಗಿಣಿ ಬಿಡಿಸಿ ಹೇಳಿದಳು. ಕಾಗದ ಸೀಳಿದಾಗ ಬರುವ ಆ ಗೊರಗೊರವೇ ಅವರ ಹಾಡು. ಮರುದಿನ ಮಧ್ಯಾಹ್ನ ಮೂರು ನಲವತ್ತಕ್ಕೆ ಕೆಂಗೇರಿ ಆಚೆಯ ಬಯಲಿನ ಸಂಗೀತ ಮೇಳದಲ್ಲಿ ಅವರಿಗೆ ಇಪ್ಪತ್ತೈದು ನಿಮಿಷ ಸಿಕ್ಕಿದೆ. ಮೂರು ವರ್ಷ ಅರ್ಜಿ ಹಾಕಿ ಸಿಕ್ಕಿದ್ದು. ಈಗ ಡಬ್ಬ ದೇವಸ್ಥಾನದ ಮೈಕಿನಂತೆ ನಯವಾಗಿ ಹಾಡುತ್ತಿದೆ.

"ಬೇರೆ ಡಬ್ಬ ತಗೊಂಡ್ಹೋಗ್ರಪ್ಪ."

"ಬೇರೆದ್ರಲ್ಲಿ ಆ ಸೌಂಡ್ ಬರಲ್ಲ ಬೆಟ್ಟಣ್ಣ" ಎಂದ ಭೈರೇಶ್. "ನಾವೇ ಮತ್ತೆ ಕುಯ್ಯಣ ಅಂತ ನೋಡಿದ್ವಿ. ನಿಮ್ಮ ಅಂಟು ಕಲ್ಲು ಗುರು. ಬ್ಲೇಡ್ ಇಟ್ರೆ ಪಕ್ಕದ ಪೇಪರೇ ಕಿತ್ಕೊಂಡ್ ಬರ್ತಿದೆ. ನೀವೇ ಬಿಡಿಸ್ಬೇಕು."

ಬೆಟ್ಟಯ್ಯ ಆಗುವುದಿಲ್ಲ ಎಂದರು. ಈ ಕೈಯಲ್ಲಿ ಇವತ್ತಿನ ತನಕ ಕೋನ್ ಹರಿದಿಲ್ಲ, ಹರಿಯುವುದಿಲ್ಲ ಎಂದರು. ಆಗ ಮುನಿತಾಯಮ್ಮ ಒಳಗಿನಿಂದಲೇ ದನಿ ಎತ್ತಿದರು. "ಯಾರದೋ ಹೊಲಕ್ಕೆ ಹೇಳದೆ ಕೇಳದೆ ಬೇಲಿ ಹಾಕ್ಬಿಟ್ಟು, ಈಗ ಕೀಳಲ್ಲ ಅಂದ್ರೆ? ವಯರ್ ನೋಡಿ ಅಂದ್ರು, ವಯರ್ ನೋಡಿ ಕೊಡ್ಬೇಕಿತ್ತು. ಆ ಮಗು ಮುಖ ನೋಡಿ ಒಸಿ."

ಬೆಟ್ಟಯ್ಯ ಎದ್ದು ಅಂಟು ಕರಗಿಸುವ ಥಿನ್ನರ್ ಬಾಟಲಿ ತಂದರು. ಹತ್ತಿಯಲ್ಲಿ ಅದ್ದಿ, ಅಂಟನ್ನು ನೆನೆಸಿ ನೆನೆಸಿ, ಎರಡು ಗಂಟೆ ಕೂತು ತಮ್ಮದೇ ತೇಪೆಯನ್ನು ಎಬ್ಬಿಸಿದರು. ಕೊನೆಗೆ ಬ್ಲೇಡ್ ಹಿಡಿದು ಮೂರು ಸೀಳನ್ನೂ ಇದ್ದಲ್ಲೇ, ಇದ್ದಷ್ಟೇ ಬಿಡಿಸಿದರು. "ಬ್ಲೇಡ್ ಇಡೋ ಮುಂಚೆ ದೇವರಿಗೆ ಕೈ ಮುಗಿದ್ರು ಇವರು. ಮದುವೇಲಿ ತಾಳಿ ಕಟ್ಟುವಾಗ್ಲೂ ಹಂಗೆ ಮುಗಿದಿರ್ಲಿಲ್ಲ" ಎನ್ನುತ್ತಾರೆ ಮುನಿತಾಯಮ್ಮ. ಇನ್ನೇನು ಮುಗಿಯಿತು ಎನ್ನುವಾಗ ಬೆಟ್ಟಯ್ಯ ಯಾರೂ ಹೇಳದ ಇನ್ನೊಂದು ಕೆಲಸ ಮಾಡಲು ಹೊರಟರು. ಈ ಸಲ ಮೊದಲು ಕೇಳಿದರು. "ಒಂದೊಂದು ಸಲ ಬಾರಿಸಿದ್ಮೇಲೂ ಈ ಸೀಳು ಉದ್ದ ಆಗ್ತದಾ ಮಗಳೇ?"

"ಆಗತ್ತೆ ಅಂಕಲ್. ಎರಡು ತಿಂಗಳಿಗೆ ಒಂದು ಸ್ಪೀಕರ್ ಹೋಗತ್ತೆ."

"ಹಂಗಾದ್ರೆ ತುದಿಗೆ ಒಂದೊಂದು ತೂತು ಹಾಕ್ಲಾ? ತಗಡು ಬಿರುಕು ಬಿಟ್ರೆ ಪ್ರೆಸ್ ಶಾಪ್ನಲ್ಲಿ ಹಂಗೇ ಮಾಡೋದು. ತೂತು ಸಿಕ್ಕಿದ್ರೆ ಬಿರುಕು ಮುಂದಕ್ಕೆ ಓಡಲ್ಲ."

ರಾಗಿಣಿ ಭೈರೇಶನ ಮುಖ ನೋಡಿದಳು. ಸದ್ದು ಬದಲಾದರೆ? ಸರಿಮಾಡಿಕೊಳ್ಳಲು ಸಮಯವಿಲ್ಲ. "ಹಾಕಿ ಅಂಕಲ್" ಅಂದಳು. ಕಾದ ಸೂಜಿಯಿಂದ ಆರು ತುದಿಗೆ ಆರು ತೂತು ಬಿತ್ತು. ಪ್ರತಿ ತೂತಿನ ಅಂಚಿಗೆ ಅಂಟಿನ ಒಂದು ಸಣ್ಣ ಬಳೆ. ಒಣಗಲು ಬೆಳಗಾಗಬೇಕು, ಏಳು ಗಂಟೆಗೆ ಸಾಮಾನು ಬಯಲು ಸೇರಬೇಕು. ಅಂದರೆ ಅದರ ದನಿ ಏನೆಂದು ತಿಳಿಯುವುದು ವೇದಿಕೆಯ ಮೇಲೆಯೇ. "ನಾನೂ ಬರ್ತೀನಿ" ಎಂದರು ಬೆಟ್ಟಯ್ಯ. "ತಪ್ಪಿದ್ರೆ ಅಲ್ಲೇ ಬಯ್ಸ್ಕೊತೀನಿ."

ಭಾನುವಾರ ಇಸ್ತ್ರಿ ಮಾಡಿದ ಬಿಳಿ ಶರಟು ತೊಟ್ಟು ಕೆಂಗೇರಿಯಲ್ಲಿ ಮೆಟ್ರೋ ಇಳಿದು ಹೋದವರು ಗೇಟಿನಲ್ಲೇ ದಂಗಾದರು. ಊರ ದನದ ಜಾತ್ರೆಯಲ್ಲೂ ಇಷ್ಟು ಜನ ಕಂಡಿರಲಿಲ್ಲ. ಕೈಗೆ ಕಾಗದದ ಪಟ್ಟಿ ಕಟ್ಟಿದ ಹುಡುಗನೊಬ್ಬ, "ಅಂಕಲ್, ಫ್ಯಾಮಿಲಿ ಸ್ಟೇಜ್ ಆ ಕಡೆ" ಎಂದು ತಿರುಗಿಸಿ ಕಳಿಸಿದ. ಅಲ್ಲಿ 'ಮೂರನೇ ಪಾಳಿ' ಎಲ್ಲಿ ಎಂದು ಕೇಳಿಕೊಂಡು ಬಂದರೆ, ದೊಡ್ಡ ವೇದಿಕೆಯ ಹಿಂದೆ, ಪಾರ್ಕಿಂಗಿನ ಪಕ್ಕ, ಚಿಕ್ಕದೊಂದು ವೇದಿಕೆ. ಇಂಥ ಮೂಲೆಗೆ ಯಾರು ಬರುತ್ತಾರೆ ಅಂದುಕೊಂಡರೆ, ಅಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲರದೂ ಕರಿ ಬಟ್ಟೆ, ಎಲ್ಲರ ತಲೆಯೂ ಒಟ್ಟಿಗೆ ಮೇಲೆ ಕೆಳಗೆ. ಒಬ್ಬ ಹುಡುಗನನ್ನು ನಾಲ್ಕು ಜನ ತಲೆಯ ಮೇಲೆ ಎತ್ತಿಕೊಂಡು ಸಾಗಿಸುತ್ತಿದ್ದರು. "ಅಯ್ಯೋ, ಯಾರಿಗೋ ಏನೋ ಆಯ್ತು, ನೀರು ತನ್ರೋ!" ಎಂದು ಬೆಟ್ಟಯ್ಯ ಕೂಗಿಕೊಂಡರು. ಮೇಲಿದ್ದ ಹುಡುಗ ಮಲಗಿದಲ್ಲಿಂದಲೇ ಅವರಿಗೆ ಹೆಬ್ಬೆರಳು ತೋರಿಸಿ ನಕ್ಕು ಮುಂದೆ ಹೋದ.

ಮೂರು ತಂಡ ಬಂದು ಹೋದವು. ಒಂದು ನೀರಿನ ಟ್ಯಾಂಕರಿನ ಮೇಲೆ ಹಾಡು ಕಟ್ಟಿತ್ತು, ಇನ್ನೊಂದು ಮನೆ ಬಾಡಿಗೆಯ ಮೇಲೆ. "ಕಿರುಚ್ತಾರೆ ಸಾರ್, ನರ ಕಿತ್ತು ಬರಂಗೆ. ಆದ್ರೆ ಕನ್ನಡದಲ್ಲಿ ಕಿರುಚ್ತಾರೆ! ಇವರೆಲ್ಲ ಇಷ್ಟು ದಿನ ಎಲ್ಲಿದ್ರು? ನಮ್ಮ ಪಕ್ಕದ ಬೀದೀಲೇ ಇದ್ರಂತೆ." ಅದನ್ನು ಹೇಳುವಾಗ ಈಗಲೂ ಅವರ ಹುಬ್ಬು ಮೇಲೇರುತ್ತದೆ.

ಮೂರು ನಲವತ್ತಕ್ಕೆ 'ಮೂರನೇ ಪಾಳಿ' ಹತ್ತಿತು. ರಾಗಿಣಿ ವಯರ್ ಸಿಕ್ಕಿಸಿದಳು. ಬೆಟ್ಟಯ್ಯ ಜನರ ನಡುವೆ ಕಿವಿ ಕೊಟ್ಟು ನಿಂತರು. ಭೈರೇಶ್ ಡ್ರಮ್ಮಿಗೆ ಒಂದೇ ಏಟು ಕೊಟ್ಟ, ಧಡಕ್. ಅದರ ಬೆನ್ನಿಗೆ ಡಬ್ಬದಿಂದ ಸದ್ದು ಎದ್ದಿತು, ಗರ್‌ರ್.

"ಪ್ರೆಸ್ಸು ಸಾರ್. ಅದೇ ಪ್ರೆಸ್ಸು. ಮೂವತ್ತೈದು ವರ್ಷದ ಹಿಂದೆ ಬಿಟ್ಟು ಓಡಿಬಂದಿದ್ದು ಎದುರಿಗೆ ಬಂದು ನಿಂತ್ಕೊಂತು. ಈ ಬೆರಳು ಜುಮ್ ಅಂತು, ಇಲ್ದೇ ಇರೋ ಬೆರಳು." ಹೊರಟು ಹೋಗಿಬಿಡೋಣ ಅನ್ನಿಸಿತಂತೆ, ಆದರೆ ಸುತ್ತ ಜನ, ದಾರಿಯಿಲ್ಲ. ಅಷ್ಟರಲ್ಲಿ ಭೈರೇಶ್ ಹಾಡತೊಡಗಿದ. ಪಾಳಿ ಮುಗಿಸಿ ಬಂದವನ ಕಿವಿಯಲ್ಲಿ ಮನೆಯಲ್ಲೂ ಪ್ರೆಸ್ ಬೀಳುತ್ತಲೇ ಇರುತ್ತದೆ ಎಂಬ ಹಾಡು. ಸುತ್ತಲಿನ ಸಾವಿರ ಹುಡುಗರು ಅದನ್ನು ಜೊತೆಗೂಡಿ ಕೂಗಿದರು. "ನನ್ನ ತಲೇಲಿ ಮಾತ್ರ ಅಂದ್ಕೊಂಡಿದ್ದೆ. ಇವಳಿಗೂ ಸರಿಯಾಗಿ ಹೇಳಿರ್ಲಿಲ್ಲ. ಆ ಹುಡುಗ ಮೈಕಲ್ಲಿ ಹೇಳ್ತಾವ್ನೆ! ಜನ ಕುಣೀತಾವ್ರೆ!" ಬೆಟ್ಟಯ್ಯ ಇಪ್ಪತ್ತೈದು ನಿಮಿಷವೂ ನಿಂತೇ ಕೇಳಿದರು. ಕಿವಿ ಮುಚ್ಚಿಕೊಳ್ಳಲಿಲ್ಲ.

ಕೊನೆಯ ಹಾಡಿಗೆ ಮುಂಚೆ ರಾಗಿಣಿ ಮೈಕಿನಲ್ಲಿ, "ಈ ಸೌಂಡ್ ನಿನ್ನೆ ಸತ್ತೇ ಹೋಗಿತ್ತು. ಬದುಕಿಸಿದವರು ಬಿಳಿ ಶರ್ಟ್ ಹಾಕ್ಕೊಂಡು ಅಲ್ಲೇ ನಿಂತಿದಾರೆ" ಎಂದಳು. ಕರಿ ಬಟ್ಟೆಯ ಜನವೆಲ್ಲ ತಿರುಗಿ ನೋಡಿತು. "ಸಾಯ್ಸಿದ್ದೂ ನಾನೇ ಅಂತ ಹೇಳಲಿಲ್ಲ ಪುಣ್ಯಾತ್ಗಿತ್ತಿ" ಎಂದು ಬೆಟ್ಟಯ್ಯ ಈಗ ನಗುತ್ತಾರೆ.

ಸೋಮವಾರ ಬೆಳಗಿನ ಐದೂಕಾಲಿಗೆ ಅದೇ ಡಬ್ಬ ಅವರ ತೊಡೆಯ ಮೇಲಿತ್ತು. ಬ್ಯಾಟರಿ ಬೆಳಕು ಬಿಟ್ಟು ಆರು ತೂತನ್ನೂ ನೋಡಿದರು. ಸೀಳು ತೂತಿನ ತನಕ ಬಂದು ನಿಂತಿದೆ. ಒಂದೆಳೆಯೂ ಮುಂದೆ ಹೋಗಿಲ್ಲ. ಆಮೇಲಿನ ವಾರಗಳಲ್ಲಿ ಲಗ್ಗೆರೆ, ವಿಜಯನಗರದ ಕಡೆಯಿಂದ ಇನ್ನೂ ಐದು ಡಬ್ಬಗಳು ಬಂದಿವೆ, ಕೋನ್ ಸೀಳಿಸಿಕೊಳ್ಳಲು. ಮುಂದಿನ ಮೇಳಕ್ಕೆ ಮುನಿತಾಯಮ್ಮನನ್ನೂ ಕರೆದುಕೊಂಡು ಹೋಗಬೇಕೆಂಬ ಆಸೆ ಬೆಟ್ಟಯ್ಯನವರಿಗೆ. "ನನ್ನ ತಲೇಲಿ ಏನಿತ್ತು ಅಂತ ಅವಳೂ ಒಂದ್ಸಲ ಕೇಳ್ಲಿ."

ಬಸ್ಸುಗಳು ಶುರುವಾಗಿವೆ. ಇಪ್ಪತ್ತು ವರ್ಷದ ಗಿರಾಕಿ, ಮೈಕ್ ಸೆಟ್ಟಿನ ರೇವಣಸಿದ್ದಪ್ಪ, ಹರಿದ ಸ್ಪೀಕರೊಂದನ್ನು ಸ್ಕೂಟರಿನಿಂದ ಇಳಿಸಿ ತಂದಿಡುತ್ತಾರೆ. ಬೆಟ್ಟಯ್ಯ ಅದನ್ನು ಮುಟ್ಟುವುದಿಲ್ಲ. ಈಚೆಗೆ ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಮೊದಲು ಕೇಳುತ್ತಾರೆ.

"ರೇವಣ್ಣೋರೆ, ಇದು ತಾನಾಗಿ ಹರೀತಾ, ಬೇಕು ಅಂತ ನೀವೇ ಹರಿದ್ರಾ?"

ರೇವಣಸಿದ್ದಪ್ಪ ಹೌಹಾರಿ ನೋಡುತ್ತಾರೆ. "ತಲೆ ನೆಟ್ಟಗಿದೆ ತಾನೆ ಬೆಟ್ಟಯ್ಯ? ಯಾರಾದ್ರೂ ಬೇಕು ಅಂತ ಸ್ಪೀಕರ್ ಹರೀತಾರಾ?"

"ಹರೀತಾರೆ" ಎನ್ನುತ್ತಾರೆ ಬೆಟ್ಟಯ್ಯ, ಸ್ಪೀಕರನ್ನು ತೊಡೆಗೆ ಎಳೆದುಕೊಳ್ಳುತ್ತಾ. "ನಾನೇ ಹರಿದುಕೊಡ್ತೀನಿ. ನಾನು ಹರಿದಿದ್ದು ಎಷ್ಟು ಬೇಕೋ ಅಷ್ಟಕ್ಕೇ ನಿಲ್ತದೆ."