ಕೆಂಪು ಗುರುತಿನ ಹಲಗೆಗಳು

ಮೊನ್ನೆ ಮಗಳು ಬಾಲ್ಕನಿಗೆಂದು ಒಂದು ಬೆಂಚು ತರಿಸಿದಳು. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಗಳನ್ನೇ ಜೋಡಿಸಿ ಮಾಡಿದ್ದು. ಈಗ ಅದು ಫ್ಯಾಷನ್ನಂತೆ. ನಾವು ಗತಿಯಿಲ್ಲದೆ ಮನೆಗೆ ಹೊತ್ತು ತಂದುಕೊಳ್ಳುತ್ತಿದ್ದ ವಸ್ತುವನ್ನು ಇವಳು ಆರಿಸಿ ಆರಿಸಿ ತರಿಸಿಕೊಂಡಿದ್ದಾಳಲ್ಲ ಎಂದು ನಗು ಬಂತು. ದಾರಿಯಲ್ಲಿ ಮಳೆಗೆ ನೆಂದಿತ್ತು. ಮಧ್ಯಾಹ್ನದ ಬಿಸಿಲು ಬಿದ್ದ ಮೇಲೆ ಅದರಿಂದ ವಾಸನೆ ಏಳತೊಡಗಿತು. ಒದ್ದೆ ಮರ, ತುಕ್ಕು ಮೊಳೆ, ಅದರ ಹಿಂದೆ ಎಲ್ಲೋ ಸ್ವಲ್ಪ ಹುಳಿ... ನಾನು ಕಾಫಿ ಲೋಟ ಕೆಳಗಿಟ್ಟು ಹಲಗೆಗೆ ಮೂಗು ತಾಗಿಸಿ, ಸಿಲ್ವರ್ ಓಕ್ ಎಂದೆ. ನಿನಗೆ ಹೇಗಮ್ಮ ಗೊತ್ತು ಎಂದು ಮಗಳು ಕೇಳಿದಳು. ಯಾರೋ ಹೇಳಿಕೊಟ್ಟಿದ್ದರು ಎಂದಷ್ಟೇ ಹೇಳಿ ಒಳಗೆ ಬಂದೆ. ಪೂರ್ತಿ ಹೇಳುತ್ತಾ ಕೂತರೆ ಆ ದಿನ ಅಡುಗೆ ಆಗುತ್ತಿರಲಿಲ್ಲ.

ಅವು ತೊಂಬತ್ತರ ದಶಕದ ಕೊನೆಯ ವರ್ಷಗಳು. ಪೀಣ್ಯದಲ್ಲಿ ಮರದ ಪೆಟ್ಟಿಗೆ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಬಿಲ್ ಬರೆಯುವ ಕೆಲಸಕ್ಕಿದ್ದೆ. ಸುತ್ತಲಿನ ಶೆಡ್ಡುಗಳಲ್ಲಿ ತಯಾರಾದ ಯಂತ್ರಗಳು ನಮ್ಮ ಪೆಟ್ಟಿಗೆಗಳಲ್ಲಿ ಕೂತು ಊರು ಬಿಡುತ್ತಿದ್ದವು. ಹೊರಗಿನಿಂದ ಬಂದ ಯಂತ್ರಗಳ ಪೆಟ್ಟಿಗೆಗಳನ್ನು ಒಡೆದು ಗೇಟಿನಾಚೆ ರಾಶಿ ಹಾಕುತ್ತಿದ್ದರು. ಆ ರಾಶಿಯಿಂದಲೇ ಅರ್ಧ ಪೀಣ್ಯ ಸಂಸಾರ ಹೂಡಿತ್ತು ಎಂದರೆ ತಪ್ಪಿಲ್ಲ. ಹೆಗ್ಗನಹಳ್ಳಿ ಕಡೆಯ ವಠಾರದಲ್ಲಿ ನಾನೂ ಅಮ್ಮನೂ ಇದ್ದ ಮನೆಯ ಮಂಚ, ಪಾತ್ರೆ ಸ್ಟ್ಯಾಂಡು, ಬಚ್ಚಲಿನ ಬಾಗಿಲು, ದೇವರ ಗೂಡು, ಎಲ್ಲವೂ ಪೆಟ್ಟಿಗೆ ಮರವೇ. ದೇವರ ಗೂಡಿನ ಹಲಗೆಯ ಮೇಲೆ ‘ಒಡೆಯುವ ವಸ್ತು, ಜೋಪಾನ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅಮ್ಮ ಅದರ ಮೇಲೆಯೇ ದಿನಾ ಅರಿಶಿನ ಕುಂಕುಮ ಹಚ್ಚುತ್ತಿದ್ದಳು.

ಅವರು ಬಂದದ್ದು ಆಗ. ಮರದ ಬಗ್ಗೆ ಸಂಶೋಧನೆ ಮಾಡುವ ಒಂದು ಕಡೆಯಿಂದ ಬಂದಿದ್ದಾರೆ, ಕೇಳಿದ್ದಕ್ಕೆ ಉತ್ತರ ಕೊಡು ಎಂದು ಯಜಮಾನರು ನನ್ನ ಮೇಜಿನ ಮುಂದೆ ತಂದು ನಿಲ್ಲಿಸಿದರು. ದಾವಣಗೆರೆ ಕಡೆಯವರು, ಬಡಕಲು ಆಳು. ಜೇಬಿನಲ್ಲಿ ಒಂದು ಪುಟ್ಟ ಭೂತಗನ್ನಡಿ. ನಾವೆಲ್ಲ ಸಾರ್ ಎನ್ನುತ್ತಿದ್ದೆವು. ಕೆಲಸ ಖಾಯಂ ಆಗಿರಲಿಲ್ಲ, ಯಾವುದೋ ಯೋಜನೆ ಇರುವಷ್ಟು ದಿನ ಸಂಬಳ. ಆದರೆ ಮಾತಾಡಲು ಶುರು ಮಾಡಿದರೆ ಇಡೀ ಭೂಮಿಯ ಜವಾಬ್ದಾರಿ ತಮ್ಮದೇ ಎಂಬಂತೆ ಮಾತಾಡುತ್ತಿದ್ದರು.

ಅವರ ತಕರಾರು ಇಷ್ಟು. ಮರ ಬೆಳೆಯುವಾಗ ಗಾಳಿಯಲ್ಲಿನ ಇಂಗಾಲವನ್ನು ಎಳೆದುಕೊಂಡು ಮೈಯಲ್ಲಿ ಇಟ್ಟುಕೊಳ್ಳುತ್ತದೆ. ಕಡಿದ ಕೂಡಲೇ ಅದೇನೂ ಹಾರಿಹೋಗುವುದಿಲ್ಲ. ಹಲಗೆಯಾದರೆ ಹಲಗೆಯಲ್ಲಿ, ಬಾಗಿಲಾದರೆ ಬಾಗಿಲಲ್ಲಿ ಹಾಗೇ ಇರುತ್ತದೆ. ಸುಟ್ಟಾಗಲೋ ಕೊಳೆತಾಗಲೋ ಮತ್ತೆ ಗಾಳಿ ಸೇರುತ್ತದೆ. ಆದರೆ ಲೆಕ್ಕ ಬರೆಯುವ ದೊಡ್ಡವರು ಮರ ಕಡಿದ ವರ್ಷವೇ ಎಲ್ಲವೂ ಗಾಳಿಗೆ ಹೋಯಿತು ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಅದರಲ್ಲೂ ಪೆಟ್ಟಿಗೆ ಮರ ಎಂದರೆ ಅವರಿಗೆ ಕಸ. ನನಗೆ ಅದು ಬೇಗ ಅರ್ಥವಾಯಿತು. ಮಾಲು ಇನ್ನೂ ಗೋಡೌನಿನಲ್ಲಿ ಇರುವಾಗಲೇ ಖಾಲಿ ಎಂದು ಬರೆದ ಹಾಗಲ್ಲವೇ ಸಾರ್ ಎಂದೆ. ಅವರು ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದ್ದು ಆಗಲೇ ಇರಬೇಕು.

ಆಮೇಲೆ ಆಗಾಗ ಬರತೊಡಗಿದರು. ಬಂದಾಗಲೆಲ್ಲ ಒಂದೊಂದು ಮರದ ಚೂರು ತಂದು ನನ್ನ ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಿ ಮೂಸಿ ಹೇಳ್ರಿ ಎನ್ನುತ್ತಿದ್ದರು. ಮಾವು, ನೀಲಗಿರಿ, ಪೈನ್, ಸಿಲ್ವರ್ ಓಕ್... ತಪ್ಪು ಹೇಳಿದರೆ ನಗುತ್ತಿರಲಿಲ್ಲ, ಸರಿ ಹೇಳಿದರೆ ನಗುತ್ತಿದ್ದರು. ಕೆಲವು ಸಲ ಆ ನಗು ನೋಡಲೆಂದೇ ನಾನು ಹಿಂದಿನ ಸಂಜೆ ಗೇಟಿನಾಚೆಯ ರಾಶಿಯ ಹತ್ತಿರ ನಿಂತು ಹಲಗೆ ಮೂಸಿದ್ದುಂಟು. ವಾಚ್‌ಮನ್ ನನಗೆ ತಲೆ ಕೆಟ್ಟಿದೆ ಎಂದುಕೊಂಡಿದ್ದ. ಅವನದೂ ಪೂರ್ತಿ ತಪ್ಪಲ್ಲ.

ಪೆಟ್ಟಿಗೆ ಮರ ಕಸವಲ್ಲ, ಮನೆಗಳಲ್ಲಿ ಇನ್ನೊಂದು ಜನ್ಮ ಎತ್ತಿ ಎಷ್ಟೋ ವರ್ಷ ಬದುಕುತ್ತದೆ ಎಂದು ತೋರಿಸುವುದು ಅವರ ಹಟ. ಅದಕ್ಕೆ ನಮ್ಮ ವಠಾರವನ್ನೇ ಆರಿಸಿದರು. ಮನೆಮನೆಯ ಹಲಗೆಗೂ ಗುರುತು ಹಾಕಿ ನಂಬರು ಕೊಡುವುದು, ಎರಡು ಮಳೆಗಾಲ ಕಳೆದ ಮೇಲೆ ಬಂದು ಎಷ್ಟು ಉಳಿದಿವೆ, ಎಷ್ಟು ಒಲೆಗೆ ಹೋದವು ಎಂದು ನೋಡುವುದು. ಗುರುತು ಸಿಗದ ಹಲಗೆ ಗಾಳಿಗೆ ಹೋಯಿತೆಂದೇ ಲೆಕ್ಕ. ಗುರುತು ಬೇಕೇ ಬೇಕು, ಯಾಕೆಂದರೆ ನಮ್ಮ ಮನೆಗಳಿಗೆ ವಾರವಾರವೂ ಹೊಸ ಹಲಗೆ ಬರುತ್ತಿತ್ತು. ಗುರುತಿಲ್ಲದಿದ್ದರೆ ಯಾವುದು ಹಳೆಯದು, ಯಾವುದು ನಿನ್ನೆ ಬಂದದ್ದು ಎಂದು ಹೇಳುವುದು ಹೇಗೆ?

ಪೆಟ್ಟಿಗೆಗಳ ಮೇಲೆ ಬಾಣದ ಗುರುತು ಬರೆಯುವ ಕೆಂಪು ಬಣ್ಣದ ಡಬ್ಬವನ್ನು ಯಜಮಾನರೇ ಕೊಟ್ಟರು. ಒಂದು ಭಾನುವಾರ ನಾನು ಡಬ್ಬ ಹಿಡಿದುಕೊಂಡು ಮುಂದೆ, ಅವರು ಬ್ರಷ್ ಹಿಡಿದು ಹಿಂದೆ. ವಠಾರದ ಓನರ್ ಅಜ್ಜಿ ಆ ಹಳ್ಳಿಯ ಮೂಲದವಳು. ಹೊಲ ಇದ್ದ ಜಾಗದಲ್ಲೇ ಸಾಲು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಳು. ಮೊದಲು ಗೊಣಗಿದಳು. ಸಾರ್ ಅವಳ ಮನೆಯಲ್ಲಿ ಕೂತು ಎರಡು ಮುದ್ದೆ ಉಂಡ ಮೇಲೆ, ಹಾಕ್ಕೊಳ್ಳಲಿ ಪಾಪ ಎಂದು ಒಪ್ಪಿದಳು. ಅವತ್ತು ಸಂಜೆಯ ಹೊತ್ತಿಗೆ ವಠಾರದ ಮಂಚ, ಕಪಾಟು, ಕೋಳಿಗೂಡು ಯಾವುದಕ್ಕೂ ಬಿಡುಗಡೆ ಇರಲಿಲ್ಲ. ನನ್ನ ಕೈಬೆರಳಿಗೂ ಕೆಂಪು ಮೆತ್ತಿಕೊಂಡಿತ್ತು. ಎಣಿಕೆ ಸರಿಬಂದರೆ ಯೋಜನೆ ಮುಂದುವರಿಯುತ್ತದೆ, ನಾನೂ ಇಲ್ಲೇ ಇರುತ್ತೇನೆ ಎಂದು ಕೈ ತೊಳೆಯುತ್ತಾ ಅವರು ಹೇಳಿದರು. ‘ಇಲ್ಲೇ’ ಎನ್ನುವಾಗ ನನ್ನ ಕಡೆ ನೋಡಿದರು. ನೋಡಿದರು ಎಂದೇ ನಾನು ನಂಬಿದ್ದೇನೆ.

ಆ ಎರಡು ಮಳೆಗಾಲ ನಾನು ಹಲಗೆ ಕಾದೆ. ಬೇರೆಯವರು ಮಳೆ ಬಂದರೆ ಬಟ್ಟೆ ಒಳಗೆ ತರುತ್ತಿದ್ದರು, ನಾನು ಕೋಳಿಗೂಡು ಒಳಗೆ ಎಳೆಯುತ್ತಿದ್ದೆ. ಹಂಡೆ ಒಲೆಗೆ ಯಾರಾದರೂ ಕೆಂಪು ಗುರುತಿನ ತುಂಡು ಇಡಲು ಹೋದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಹಾಗೆಂದು ತಡೆಯುವಂತೆಯೂ ಇರಲಿಲ್ಲ. ಸುಟ್ಟದ್ದು ಸುಟ್ಟಿತು ಎಂದೇ ಲೆಕ್ಕಕ್ಕೆ ಬರಬೇಕು, ನೀವು ಕಾಪಾಡಿದರೆ ನನ್ನ ಲೆಕ್ಕ ಸುಳ್ಳಾಗುತ್ತದೆ ಎಂದು ಸಾರ್ ಗದರಿದ್ದರು. ಕೋಳಿಗೂಡಿನ ವಿಷಯ ನಾನು ಹೇಳಲಿಲ್ಲ. ಆದರೂ ಒಲೆಗೆ ಹೋದದ್ದು ಕಡಿಮೆಯೇ. ಒಳ್ಳೆ ಹಲಗೆಯನ್ನು ಬೆಂಕಿಗೆ ಹಾಕುವ ದೊಡ್ಡಸ್ತಿಕೆ ನಮ್ಮ ವಠಾರದಲ್ಲಿ ಯಾರಿಗೂ ಇರಲಿಲ್ಲ. ನೆಂಟರು ಆಗ ನನಗೆ ಗಂಡು ನೋಡುತ್ತಿದ್ದರು. ಸ್ವಲ್ಪ ದಿನ ಹೋಗಲಿ ಎಂದು ನಾನು ಮುಂದೂಡುತ್ತಿದ್ದೆ. ಯಾಕೆಂದು ಅಮ್ಮ ಕೇಳಲಿಲ್ಲ. ಸಾರ್ ಬಂದಾಗ ಮಾತ್ರ ಅವರ ಕಾಫಿಗೆ ಒಂದು ಚಮಚ ಸಕ್ಕರೆ ಜಾಸ್ತಿ ಬೀಳುತ್ತಿತ್ತು.

ಎಣಿಕೆಗೆ ಇನ್ನೇನು ಸ್ವಲ್ಪ ದಿನ ಇದೆ ಎನ್ನುವಾಗ ಪಕ್ಕದ ರಸ್ತೆ ಅಗಲ ಮಾಡಲು ಅಳತೆಯವರು ಬಂದರು. ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಗೀಟು ಎಳೆದು ನಂಬರು ಬರೆದು ಹೋದರು. ಅದೇ ವಾರ ಬುಲ್ಡೋಜರು ಬಂದು, ನಂಬರು ಬಿದ್ದ ಅಂಗಡಿಗಳನ್ನು ಕೆಡವಿತು.

ಅವತ್ತು ಕೆಲಸ ಮುಗಿಸಿ ಬಂದರೆ ವಠಾರದ ತುಂಬಾ ಸೀಮೆಎಣ್ಣೆ ವಾಸನೆ. ಹೆಂಗಸರೆಲ್ಲ ಅಂಗಳದಲ್ಲಿ ಕೂತು ಹಲಗೆ ಉಜ್ಜುತ್ತಿದ್ದರು. ಕೆಲವರ ಕೈಯಲ್ಲಿ ತೆಂಗಿನ ನಾರು, ಕೆಲವರ ಕೈಯಲ್ಲಿ ಹ್ಯಾಕ್ಸಾ ಬ್ಲೇಡು. ಅಮ್ಮನೂ ಸೆರಗು ಸಿಕ್ಕಿಸಿಕೊಂಡು ನಮ್ಮ ಮಂಚದ ಕಾಲು ಕೆರೆಯುತ್ತಿದ್ದಳು. ನಾನು ಸೀಮೆಎಣ್ಣೆ ಡಬ್ಬ ಕಿತ್ತುಕೊಳ್ಳಲು ಹೋದೆ. ಓನರ್ ಅಜ್ಜಿ ನನ್ನ ಕೈ ಹಿಡಿದುಕೊಂಡಳು.

“ನಂಬರ್ ಇದ್ರೆ ಒಡೀತಾರೆ ಕಣವ್ವ. ಆ ಅಂಗಡಿಯೋರು ಅಳ್ತಾ ಕೂತಿದ್ದನ್ನ ಕಣ್ಣಾರೆ ನೋಡ್ಬಂದೆ. ನಿಮ್ ಸಾರ್ ಒಳ್ಳೆಯೋರೇ. ಆದ್ರೆ ಬುಲ್ಡೋಜರ್‌ಗೆ ಅದು ಗೊತ್ತಾಯ್ತದಾ?”

ಅವಳಿಗೆ ಹೊಲ ಹೋಗಿ ಉಳಿದಿದ್ದು ಆ ಸಾಲು ಮನೆ ಮಾತ್ರ. ಅದಕ್ಕೂ ಕಾಗದಪತ್ರ ನೆಟ್ಟಗಿರಲಿಲ್ಲ. ಆ ಹೆದರಿಕೆಯ ಮುಂದೆ ನನ್ನ ಇಂಗಾಲದ ಪಾಠ ನಡೆಯಲಿಲ್ಲ. ಮತ್ತೆ ಬಣ್ಣ ಹಚ್ಚೋಣವೆಂದರೆ ಯಾವ ಹಲಗೆಗೆ ಯಾವ ನಂಬರಿತ್ತು ಎಂದು ಒಬ್ಬರಿಗೂ ನೆನಪಿರಲಿಲ್ಲ. ಅವತ್ತು ಅಮ್ಮನ ಜೊತೆ ಮಾತು ಬಿಟ್ಟೆ.

ಎಣಿಕೆಯ ದಿನ ಸಾರ್ ಮೊದಲ ಮನೆಯಲ್ಲೇ ನಿಂತುಬಿಟ್ಟರು. ಎರಡನೇ ಮನೆ, ಮೂರನೇ ಮನೆ... ಹಲಗೆಗಳು ಇದ್ದವು. ಮಂಚ ಮಂಚವಾಗಿಯೇ ಇತ್ತು, ಕಪಾಟು ಕಪಾಟಾಗಿಯೇ ಇತ್ತು. ಗುರುತು ಮಾತ್ರ ಇರಲಿಲ್ಲ. ಕೊನೆಗೆ ನಮ್ಮ ಮನೆಗೆ ಬಂದು ಮಂಚದ ತುದಿಯಲ್ಲಿ ಕೂತರು. ಕೆರೆದು ಬೆಳ್ಳಗಾದ ಜಾಗದ ಮೇಲೆ ಹೆಬ್ಬೆರಳು ಆಡಿಸಿದರು. ಅಮ್ಮ ಕಾಫಿ ತಂದಿಟ್ಟು, ತಲೆ ಎತ್ತದೆ ಹೇಳಿದಳು.

“ಅದು ನೀವು ಗುರುತು ಹಾಕಿದ್ದೇ ಕಣ್ರೀ. ನಾನೇ ಉಜ್ಜಿ ತೆಗೆದೆ. ತಪ್ಪಾಯ್ತು.”

“ಗೊತ್ತದ ಅಮ್ಮ. ಆದ್ರ ಇದು ಅದೇ ಮರ ಅಂತ ನಾನು ಹೆಂಗ ಬರೀಲಿ?”

ನಾನು ಹೇಳುತ್ತೇನೆ ಸಾರ್, ಎಲ್ಲಿ ಬೇಕಾದರೂ ಬಂದು ಸಾಕ್ಷಿ ಹೇಳುತ್ತೇನೆ ಎಂದೆ. ಅವರು ಮಂಚದಿಂದ ಕೈ ತೆಗೆದು ನನ್ನ ಕಡೆ ತಿರುಗಿದರು.

“ನಿಮ್ಮ ಮಾತು ನನಗ ಸಾಕ್ರಿ,” ಎಂದರು. “ಆ ಲೆಕ್ಕ ಬರೆಯೋ ದೊಡ್ಡವರಿಗೆ ಸಾಲಂಗಿಲ್ಲ.”

ಗುರುತು ಸಿಕ್ಕಿತು ಎಂದು ಸುಳ್ಳು ಬರೆಯಬಹುದಿತ್ತು. ಆ ದೊಡ್ಡವರಲ್ಲಿ ನಮ್ಮ ವಠಾರಕ್ಕೆ ಬಂದು ಯಾರು ನೋಡುತ್ತಿದ್ದರು? ಹಾಗೆ ಬರೆದಿದ್ದರೆ ಉಳಿಯುತ್ತಿದ್ದರು ಎಂದು ಎಷ್ಟೋ ವರ್ಷ ಅವರ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಅವರು ಬರೆಯಲಿಲ್ಲ. ತಾವು ಕೂತಿದ್ದ ಮಂಚವನ್ನೂ ಸೇರಿಸಿ, ನಮ್ಮ ವಠಾರದ ಮರವೆಲ್ಲ ಗಾಳಿಗೆ ಹೋಯಿತು ಎಂದೇ ಬರೆದರು. ಯೋಜನೆ ಅಲ್ಲಿಗೆ ನಿಂತಿತು. ಅವರು ಊರಿಗೆ ಹೊರಟ ದಿನ ಜಾಲಹಳ್ಳಿ ಕ್ರಾಸಿನವರೆಗೆ ಜೊತೆಯಲ್ಲಿ ಹೋದೆ. ಬಂದ ಮೊದಲ ಬಸ್ಸನ್ನು ಅವರು ಹತ್ತಲಿಲ್ಲ. ಏನೋ ಹೇಳುತ್ತಾರೆ ಎಂದುಕೊಂಡೆ. ಮತ್ತೆ ಬರ್ತೀರಾ ಸಾರ್ ಎಂದು ನಾನೇ ಕೇಳಿದೆ. ನೋಡೋಣ್ರಿ ಎಂದರು. ಎರಡನೇ ಬಸ್ಸು ಬಂತು...

ಮುಂದೆ ನನಗೆ ಮದುವೆಯಾಯಿತು. ಒಳ್ಳೆಯ ಸಂಸಾರವೇ, ದೂರುವಂಥದ್ದೇನೂ ಇಲ್ಲ. ಅಮ್ಮ ತೀರಿಕೊಳ್ಳುವ ಮುಂಚಿನ ವರ್ಷ ಒಮ್ಮೆ ಸುಮ್ಮಸುಮ್ಮನೆ, ನಾನು ಅವತ್ತು ಉಜ್ಜಬಾರದಿತ್ತು ಕಣೇ ಎಂದಳು. ಈಗ ಹಲವು ದೇಶಗಳು ಕಾಡಿನ ಲೆಕ್ಕ ಬರೆಯುವಾಗ ಬಾಗಿಲು, ಹಲಗೆಗಳಲ್ಲಿ ಉಳಿದ ಇಂಗಾಲವನ್ನೂ ಸೇರಿಸಿ ಬರೆಯುತ್ತವಂತೆ. ಮಗಳು ಎಲ್ಲೋ ಓದಿ ಹೇಳಿದಳು. ಕೇಳಿ ಖುಷಿಯಾಯಿತು, ಅದರ ಹಿಂದೆಯೇ ಅಳು ಬಂತು.

ಹೋದ ತಿಂಗಳು ಹೆಗ್ಗನಹಳ್ಳಿಯಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಬರುವಾಗ ಕಾಲು ತಾನಾಗಿ ವಠಾರದ ಕಡೆ ತಿರುಗಿತು. ಓನರ್ ಅಜ್ಜಿಯ ಮೊಮ್ಮಕ್ಕಳು ಸಾಲು ಮನೆಗಳನ್ನು ಕೆಡವಿಸುತ್ತಿದ್ದರು, ಆ ಜಾಗದಲ್ಲಿ ನಾಲ್ಕಂತಸ್ತು ಏಳಲಿದೆ. ಹಿಂದಿನವರು ಬಿಟ್ಟುಹೋದದ್ದನ್ನೇ ಮುಂದಿನವರು ಬಳಸಿಕೊಂಡು ಬಂದಿರಬೇಕು, ಬಾಗಿಲು, ಕಪಾಟು, ಮಂಚದ ಹಲಗೆ ಎಲ್ಲವನ್ನೂ ಒಂದು ಟೆಂಪೋಗೆ ತುಂಬುತ್ತಿದ್ದರು. ಕೆಲವು ಹಲಗೆಗಳ ಮೇಲೆ ಅವತ್ತು ಬಣ್ಣ ಕೆರೆದ ಗೀರು ಇನ್ನೂ ಕಾಣುತ್ತಿತ್ತು, ಅಷ್ಟು ವರ್ಷ ಅವು ಅಲ್ಲೇ ಇದ್ದವು. ನಾನು ಹತ್ತಿರ ಹೋಗಿ, ಇದೆಲ್ಲ ಎಲ್ಲಿಗೆ ಹೋಗುತ್ತೆ ಅಣ್ಣ ಎಂದು ಡ್ರೈವರನ್ನು ಕೇಳಿದೆ.

“ಚೆನ್ನಾಗಿರೋದು ಮಾರ್ತೀವಿ ಅಕ್ಕ, ಉಳಿದಿದ್ದು ಸೌದೆಗೆ. ಯಾಕೆ, ನಿಮ್ದೇನಾದ್ರೂ ಇತ್ತಾ ಇದ್ರಲ್ಲಿ?”

ಇಲ್ಲ ಎಂದೆ. ಟೆಂಪೋ ಹೊರಟುಹೋಯಿತು. ಸಾರ್, ಅವತ್ತು ಗಾಳಿಗೆ ಹೋಯಿತು ಎಂದು ನೀವು ಬರೆದ ಮರ ಹೋದ ತಿಂಗಳವರೆಗೂ ಇತ್ತು ಎಂದು ಹೇಳಬೇಕು. ಎಲ್ಲಿಗೆ ಹೇಳಿ ಕಳಿಸಲಿ, ನೀವು ಎಲ್ಲಿದ್ದೀರೋ, ಇದ್ದೀರೋ ಇಲ್ಲವೋ ಅದೂ ನನಗೆ ಗೊತ್ತಿಲ್ಲ.