ಲಮ್ಜಿರಾಳ ಮುಷ್ಟಿ

ಗುರಿಯಾ ಎಂಬ ಸೀಮೆಯ ಗುಡ್ಡಗಳಲ್ಲಿ ಲಮ್ಜಿರಾ ಮೂವತ್ತು ವರ್ಷ ಚಹಾ ಎಲೆ ಕೊಯ್ದಳು. ಒಮ್ಮೆ ತೂಕದಲ್ಲಿ ಮೋಸ ಮಾಡಿದ ಮೇಸ್ತ್ರಿಯ ಹಲ್ಲನ್ನು ಬುಟ್ಟಿಯಿಂದಲೇ ಬಡಿದು ಉದುರಿಸಿದ್ದಳು. ಗಿಡಗಳಿಗೆ ಮುಷ್ಟಿ ತುಂಬ ಬಿಳಿ ಗೊಬ್ಬರ ಎರಚುವುದರಲ್ಲೂ ಅವಳದೇ ಮೇಲುಗೈ. ಕಾರ್ಖಾನೆ ಮುಚ್ಚಿ ಚಹಾ ತೋಟ ಕಾಡಾದ ಮೇಲೆ, ಅದೇ ಹುಳಿ ಮಣ್ಣಿನಲ್ಲಿ ತಮ್ಮ ಬಿಕೆಂತಿಯ ಜೊತೆ ಇನ್ನೂರು ಬ್ಲೂಬೆರಿ ಗಿಡ ನೆಟ್ಟಳು.

ಸಸಿ ಕೊಟ್ಟವನು, "ಅಮೋನಿಯಂ ಸಲ್ಫೇಟ್ ಬಿಟ್ಟು ಬೇರೇನೂ ಹಾಕಬೇಡಿ. ಅದೂ ಒಂದೇ ಚಮಚ," ಎಂದಿದ್ದ. ಮೂರನೆಯ ವಸಂತದಲ್ಲಿ ಅದು ಸಿಗಲಿಲ್ಲ. ತರಕಾರಿಗೆಂದು ತಂದ ಕ್ಯಾಲ್ಸಿಯಂ ನೈಟ್ರೇಟ್ ಮನೆಯಲ್ಲಿತ್ತು. ಅದೂ ಬಿಳಿಯೇ. ಲಮ್ಜಿರಾ ತಮ್ಮನಿಗೆ ಹೇಳದೆ ಗಿಡಕ್ಕೊಂದು ಮುಷ್ಟಿ ಹಾಕಿದಳು.

ಕೆಲವು ವಾರಗಳಲ್ಲಿ ಎಲೆಗಳು ಹಳದಿಯಾದವು. ನರಗಳಷ್ಟೇ ಹಸಿರು. ಆಮೇಲೆ ಅಂಚುಗಳು ಸುಟ್ಟುಹೋದವು.

"ಇದು ಆಂಬ್ರೋಸಿದೇ ಕೆಲ್ಸ!" ಬಿಕೆಂತಿ ಕೂಗಿದ. ಪಕ್ಕದ ತೋಟದ ಆಂಬ್ರೋಸಿಗೂ ಅವನಿಗೂ ಬೇಲಿಯ ಜಗಳ ಹಳೆಯದು. "ವಿಷ ಹಾಕಿದಾನೆ, ನಾಯಿ!"

ಲಮ್ಜಿರಾ ಬುಡ ಕೆದಕಿದಳು. ಕೂದಲಿನಂಥ ಬೇರುಗಳು ಕಪ್ಪಾಗಿದ್ದವು. ಕೊಂದದ್ದು ತನ್ನ ಕೈಯೇ ಎಂದು ತಿಳಿಯಿತು. ಅಷ್ಟರಲ್ಲಿ ತಮ್ಮ ಮಚ್ಚು ಹಿಡಿದು ಬೇಲಿ ಹಾರಿದ್ದ.

ಆಂಬ್ರೋಸಿಯ ಬ್ಲೂಬೆರಿ ಗಿಡಗಳನ್ನು ಅವನು ಬುಡದವರೆಗೂ ಕೊಚ್ಚಿದ. ಒಂದಲ್ಲ, ಹನ್ನೊಂದು. ಆಂಬ್ರೋಸಿ ಗುದ್ದಲಿ ಎತ್ತಿ ಓಡಿಬಂದ.

"ನಿಂಗೆ ಹುಚ್ಚು ಹಿಡ್ದಿದ್ಯೇನೋ?"

"ಹುಚ್ಚು ಬಿಡಿಸ್ತೀನಿ, ಬಾ!"

ಗುದ್ದಲಿಯ ಕಾವು ಬಿಕೆಂತಿಯ ಪಕ್ಕೆಗೆ ಬಿತ್ತು. ಬಿಕೆಂತಿ ಅವನನ್ನು ಕೆಡವಿ, ಎದೆಯ ಮೇಲೆ ಕೂತು, ಹಣೆ ಒಡೆಯುವಂತೆ ಗುದ್ದಿದ. ಆಂಬ್ರೋಸಿಯ ಕಣ್ಣಿಗೆಲ್ಲ ರಕ್ತ ಇಳಿಯಿತು.

"ನಾನು ಹಾಕಿದ್ದು ಕಣೋ! ನಾನೇ!" ಎಂದು ಹಿಂದೆಯೇ ಓಡಿಬಂದ ಲಮ್ಜಿರಾ ಚೀರಿದಳು.

"ಅವನ್ನ ಉಳಿಸೋಕೆ ಸುಳ್ಳು ಹೇಳ್ಬೇಡ, ಅಕ್ಕ!"

ಮಚ್ಚು ಮೇಲೆದ್ದಿತು. ಇಳಿಯುವ ಅಲಗಿಗೆ ಅವಳು ಬಲಗೈ ಕೊಟ್ಟಳು.

ಮೂರು ಬೆರಳು ಹುಲ್ಲಿನ ಮೇಲೆ ಬಿದ್ದವು. ಬಿಕೆಂತಿ ಮಚ್ಚನ್ನು ಎಸೆದು, ತನ್ನ ಅಂಗಿ ಹರಿದು ಅವಳ ಕೈಗೆ ಸುತ್ತುತ್ತ ಮಗುವಿನಂತೆ ಅತ್ತ. ಅವಳ ಮಾತು ನಿಜವೆಂದು ಅವನಿಗೆ ಆಗಷ್ಟೇ ಹೊಳೆಯಿತು.

ಅವರ ಇನ್ನೂರರಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. ಆಂಬ್ರೋಸಿಯ ಕೊಚ್ಚಿದ ಗಿಡಗಳು ಮಾತ್ರ ಮುಂದಿನ ವಸಂತದಲ್ಲಿ ಬುಡದಿಂದಲೇ ಚಿಗುರಿದವು. ಲಮ್ಜಿರಾ ಸಲ್ಫೇಟಿನ ಚೀಲ ಹಿಡಿದು ಬೇಲಿ ದಾಟಿದಳು. ಹಿಂದೆ ಬಿಕೆಂತಿ ತಲೆ ತಗ್ಗಿಸಿ ನೀರು ಹೊತ್ತಿದ್ದ.

ಹಣೆಯ ಗಾಯದ ಕಲೆ ಸವರಿಕೊಂಡು ಆಂಬ್ರೋಸಿ ಅವರ ಬಳಿ ಬಂದ.

"ಚಮಚದಲ್ಲಿ ಹಾಕಕ್ಕ. ಮುಷ್ಟಿ ಬೇಡ."

"ಮುಷ್ಟಿ ಎಲ್ಲಿದೆಯೋ ಮಾರಾಯ?" ಎಂದು ಅವಳು ಗಿಡದ ಬುಡದಲ್ಲಿ ಕೂತಳು.