ಕಚ್ಚದ ಬೂಟು

ನನ್ನ ಸೋದರಮಾವ ಬೂಟು ಹೊಲಿಯುತ್ತಿದ್ದ. ಹೊಲಿದ ಜೋಡಿಯನ್ನು ನೇರವಾಗಿ ಗಿರಾಕಿಯ ಕೈಗೆ ಕೊಟ್ಟವನೇ ಅಲ್ಲ. ಮೊದಲು ತಾನೇ ಬರಿಗಾಲಿಗೆ ಏರಿಸಿಕೊಂಡು, ಅಳತೆ ಚಿಕ್ಕದಾದರೂ ಬಿಡದೆ ಪಾದ ತುರುಕಿ, ಇಡೀ ದಿನ ಅಂಗಡಿಯಲ್ಲಿ ಓಡಾಡುವನು, ಕುಣಿಯುವನು, ಏಣಿ ಹತ್ತಿ ಇಳಿಯುವನು. ಎಲ್ಲಿ ಕಚ್ಚಿತೋ ಅಲ್ಲಿ ಚರ್ಮವನ್ನು ತಟ್ಟಿ ಮೆತ್ತಗೆ ಮಾಡಿದ ಮೇಲೆಯೇ ಗಿರಾಕಿಗೆ ಕೊಡುವುದು.

ಒಂದು ವರ್ಷ ಅವನನ್ನು ಹಿಡಿಯುವವರೇ ಇರಲಿಲ್ಲ. "ನಾನು ಹೊಲಿದ ಯಾವ ಬೂಟೂ ಈಗ ಕಚ್ಚಲ್ಲ ಕಣೇ! ಕೈ ಪಳಗಿಬಿಡ್ತು!" ಎಂದು ನನ್ನೆದುರು ಬೀಗುತ್ತಿದ್ದ. ಗಿರಾಕಿಗಳು ಗುಳ್ಳೆ ಎದ್ದ ಕಾಲು ತೋರಿಸಿದರೆ, "ಕಾಲು ಸರಿ ಮಾಡಿಸ್ಕೊಂಡು ಬನ್ನಿ" ಎಂದು ಅವರನ್ನೇ ಜಾಡಿಸುತ್ತಿದ್ದ. ಸಕ್ಕರೆ ಕಾಯಿಲೆ ಅವನ ಮೈಯಲ್ಲಿತ್ತು, ಮಾತ್ರೆ ಡಬ್ಬಿಯಲ್ಲೇ ಇತ್ತು. ಅದರಿಂದ ಪಾದದ ಸ್ಪರ್ಶವೇ ಹೋಗಿದೆ ಎಂದು ಯಾರ ತಲೆಗೂ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ನೆಲ ಒರೆಸುತ್ತಿದ್ದ ಅತ್ತೆ ಚೀರಿಕೊಂಡಳು. ಮಾವ ನಡೆದಲ್ಲೆಲ್ಲ ಒದ್ದೆ ಕಲೆ. ಅವನ ಕಾಲಿನ ಕಿರುಬೆರಳು ಊದಿ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು, ಕೀವು ಸೋರುತ್ತಿತ್ತು.

"ಒಂಚೂರೂ ನೋವಿಲ್ವಲ್ಲೇ!" ಎಂದ ಮಾವ, ಬಹುಮಾನ ಬಂದವನ ಹಾಗೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬೆರಳು ಒತ್ತಿ ನೋಡಿದರು. "ಸೋಂಕು ಹತೋಟಿಗೆ ಬರದಿದ್ರೆ ಬೆರಳೇ ತೆಗೀಬೇಕಾಗತ್ತೆ" ಅಂದರು. ಯಾಕೆ ಹೀಗಾಯ್ತು ಎಂದು ನಾನು ಕೇಳಿದೆ.

"ಗಾಯ ಆದ ಕೂಡ್ಲೇ ಬಿಳಿ ರಕ್ತಕಣಗಳು ಓಡಿ ಬಂದು ಕ್ರಿಮಿಗಳನ್ನ ನುಂಗಬೇಕು. ಸಕ್ಕರೆ ಏರಿದ್ರೆ ಅವು ಬರೋದೂ ನಿಧಾನ, ನುಂಗೋದೂ ಅರೆಬರೆ. ಬಂದ ಮೇಲೆ ಹೋಗೋದೂ ಇಲ್ಲ. ಅಲ್ಲೇ ಗುಂಪು ಕಟ್ಕೊಂಡು ಉರಿಯೂತ ಎಬ್ಬಿಸ್ತಾನೇ ಇರ್ತವೆ. ಗಾಯ ಮಾಯೋದೇ ಇಲ್ಲ."

"ಥೇಟ್ ನಮ್ಮ ಷಡ್ಡಕ!" ಎಂದ ಮಾವ.

ತನ್ನ ತಂಗಿಯ ಗಂಡನನ್ನು ಹಾಗೆ ಅಂದದ್ದಕ್ಕೆ ಅತ್ತೆ ಕಣ್ಣು ಕೆಂಪಗೆ ಮಾಡಿದಳು. ಮರುಕ್ಷಣ ಕಿಸಕ್ಕನೆ ನಕ್ಕಳು, ನಗುತ್ತಲೇ ಅತ್ತುಬಿಟ್ಟಳು.

ಡಾಕ್ಟರಮ್ಮ ಕೀವು ತೆಗೆದು ಔಷಧಿ ಬರೆದುಕೊಟ್ಟರು. ಅಂದಿನಿಂದ ಮನೆಯಲ್ಲಿ ಅತ್ತೆಯದೇ ದರ್ಬಾರು. ಇನ್ಸುಲಿನ್ ಚುಚ್ಚುವವಳು ಅವಳೇ, ಪಟ್ಟಿ ಕಟ್ಟುವವಳೂ ಅವಳೇ. "ನಿಮ್ಮ ಬಿಳಿ ಸೈನ್ಯಾನ ನಿದ್ದೆಯಿಂದ ಎಬ್ಬಿಸ್ತಿದೀನಿ, ಸುಮ್ನೆ ಕೂತ್ಕೊಳ್ರೀ!" ಎಂದು ಗದರುತ್ತಿದ್ದಳು. ಮಾವ ಕಾಲು ಮೇಲೆ ಚಾಚಿಕೊಂಡು ಬೆರಳನ್ನೇ ವಿಚಾರಿಸುತ್ತಿದ್ದ: "ಬಂದ್ರೇನಪ್ಪಾ ನಿಮ್ಮೋರು?" ಸಕ್ಕರೆ ಇಳಿಯಿತು. ನಿಧಾನವಾಗಿ ಊತವೂ ಇಳಿದು, ಹೊಸ ಚರ್ಮ ಗುಲಾಬಿಯಾಗಿ ಇಣುಕಿತು. ನನಗಂತೂ ಕುಣಿಯುವಷ್ಟು ಖುಷಿ.

ಕೊನೆಗೊಂದು ದಿನ ಡಾಕ್ಟರಮ್ಮ ಪಟ್ಟಿ ಬಿಚ್ಚಿದರು. "ಬೆರಳು ಉಳೀತು. ಸ್ಪರ್ಶ ವಾಪಸ್ ಬರತ್ತೆ ಅಂತ ಮಾತ್ರ ಹೇಳಕ್ಕಾಗಲ್ಲ. ದಿನಾ ಪಾದ ನೋಡ್ಕೋಬೇಕು."

ಅತ್ತೆ ಅಲ್ಲೇ, ಎಲ್ಲರೆದುರು, ಮಾವನ ಪಾದವನ್ನು ಮಡಿಲಿಗೆ ಎಳೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಮುಟ್ಟತೊಡಗಿದಳು. ಮಾವ ನೋಡುತ್ತಲೇ ಇದ್ದ. ಆಮೇಲೆ ಮೆಲ್ಲಗೆ ಹೇಳಿದ:

"ನೀನು ಮುಟ್ಟೋದು ನಂಗೆ ಗೊತ್ತಾಗ್ತಿಲ್ಲ ಕಣೇ. ಜೋರಾಗಿ ಎಣಿಸು."

ಹೊರಗೆ ಬೆಂಚಿನ ಮೇಲೆ ಕೂತ ರೋಗಿಗಳೆಲ್ಲ ತಿರುಗಿ ನೋಡುವ ಹಾಗೆ ಅತ್ತೆ ಐದರ ತನಕ ಎಣಿಸಿದಳು.